ಬರುವಾಗಷ್ಟೇ ಹಾರುವ ಫ್ಯೂಸು

ನವಲಗುಂದದ ಕಡೆಯಿಂದ ಉಳ್ಳಾಗಡ್ಡಿ ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬರುತ್ತಿದ್ದ ಆ ಹಳೆಯ ಪಿಕಪ್ಪಿಗೆ ಇದ್ದದ್ದು ಒಂದೇ ಜಡ್ಡು. ಹಿಂದಿನ ದೀಪಗಳ ಫ್ಯೂಸು ಮೇಲಿಂದ ಮೇಲೆ ಹಾರುತ್ತಿತ್ತು. ಬಲ್ಬು, ಸ್ವಿಚ್ಚು, ಹೋಲ್ಡರು ಎಲ್ಲ ಬದಲಾಗಿದ್ದವು. ಒಬ್ಬ ಮೇಸ್ತ್ರಿಯಂತೂ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿ ಕಳಿಸಿದ್ದ. ಇದಕ್ಕಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ. ಬ್ಯಾಟರಿಯ ಮೈನಸ್ಸು ಚಾಸಿಗೆ ಸೇರಿರುತ್ತದೆ, ಗಾಡಿಯ ಕಬ್ಬಿಣವೆಲ್ಲ ಕರೆಂಟು ಮರಳುವ ದಾರಿ. ಪ್ಲಸ್ಸಿನ ವೈರು ಸವೆದು ಆ ಕಬ್ಬಿಣಕ್ಕೆ ತಾಗಿದರೆ 12 ವೋಲ್ಟಿನ ಬ್ಯಾಟರಿಯೂ ನೂರಾರು ಆಂಪಿಯರ್ ಸುರಿಯಬಲ್ಲದು. 10 ಆಂಪಿಯರಿನ ಫ್ಯೂಸು ಆಗ ತಾನು ಸುಟ್ಟು ವೈರನ್ನು ಉಳಿಸುತ್ತದೆ. ಎಳೆ ಸುತ್ತಿದರೆ ಸುಡುವ ಸರದಿ ವೈರಿಂಗಿನದು. ಕ್ಯಾಬಿನ್ನಿನಲ್ಲಿ ಹೊಗೆಯಾಡಿದ ಮೇಲೆಯೇ ಡ್ರೈವರ್ ಆ ಎಳೆಯನ್ನು ಕಿತ್ತೆಸೆದದ್ದು.

ಗೋಕುಲ ರಸ್ತೆಯ ಎಲೆಕ್ಟ್ರಿಷಿಯನ್ ಆ ಸಾಲಿನ ಬಲ್ಬುಗಳನ್ನೆಲ್ಲ ಕಳಚಿಟ್ಟ. ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬ್ರೇಕ್ ಬಲ್ಬೊಂದನ್ನು ಜೋಡಿಸಿದ. ಈಗ ಎಲ್ಲಿ ಶಾರ್ಟ್ ಆದರೂ ಹರಿಯುವುದು ಎರಡು ಆಂಪಿಯರಿಗಿಂತ ಕಡಿಮೆ. ವೈರು ಸುಡದು, ಬಲ್ಬು ಮಾತ್ರ ಹೊತ್ತಿ ಸುಳಿವು ಕೊಡುತ್ತದೆ. ಹತ್ತು ರೂಪಾಯಿಯ ಫ್ಯೂಸು ಒಂದರ ಮೇಲೊಂದು ಸುಡುವುದಕ್ಕಿಂತ ಜಾಣ ಉಪಾಯ. ಆದರೆ ವೈರಿನ ಕಟ್ಟನ್ನು ಬಂಪರಿನವರೆಗೆ ಜಗ್ಗಾಡಿದರೂ ಬಲ್ಬು ಮಿಣುಕಲಿಲ್ಲ. ಮೀಟರೂ ಸುಮ್ಮನಿತ್ತು.

"ಹಾರೂದು ಯಾವಾಗ?" ಅಂತ ಕೇಳಿದ.

"ಬರೂವಾಗ್ರಿ. ಹೋಗೂವಾಗ ಒಮ್ಮೆನೂ ಹಾರಿಲ್ಲ."

ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯಿದು. ಬರುವಾಗ ಗಾಡಿ ತುಂಬಿರುತ್ತದೆ, ಹೋಗುವಾಗ ಖಾಲಿ. ಗ್ಯಾರೇಜಿಗೆ ಬರುವುದೂ ಯಾವಾಗಲೂ ಖಾಲಿಯೇ.

"ಮುಂದಿನ ಸಲ ಚೀಲ ಇಳಿಸೂಕಿಂತ ಮೊದಲ ತಗೊಂಡ ಬಾ."

ಮುಂದಿನ ಸಲ ಗಾಡಿ ಚೀಲಗಳ ಸಮೇತ ಬಂತು. ನಿಂತಲ್ಲಿ ಬಲ್ಬು ಹೊತ್ತಲಿಲ್ಲ. ಬಲಗಡೆಯ ಹಿಂಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿದ್ದೇ ತಡ, ಝಗ್ಗನೆ ಉರಿಯಿತು. ಇಳಿಸಿದರೆ ಆರಿತು. ಕೆಳಗೆ ತೂರಿ ಟಾರ್ಚು ಬಿಟ್ಟ. ಗಟ್ಟಿಯಾಗಿ ಮೆತ್ತಿದ್ದ ಎರೆಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆರೆದ ಮೇಲೆ ಕಳ್ಳ ಸಿಕ್ಕ. ಹಿಂದೊಮ್ಮೆ ಪಾಟಾ (ಲೀಫ್ ಸ್ಪ್ರಿಂಗ್) ಬದಲಿಸಿದವರು ವೈರು ಹಿಡಿಯುವ ಕ್ಲಿಪ್ಪನ್ನು ಮರಳಿ ಹಾಕಿರಲಿಲ್ಲ. ವೈರು ಜೋತುಬಿದ್ದಿತ್ತು. ಭಾರಕ್ಕೆ ಪಾಟಾ ಚಪ್ಪಟೆಯಾಗಿ, ಗುಂಡಿಯಲ್ಲಿ ಗಾಲಿ ಜಿಗಿದಾಗ ಯು-ಬೋಲ್ಟಿನ ತಲೆ ಮೇಲೇರಿ ವೈರನ್ನು ಚಾಸಿಗೆ ಒತ್ತುತ್ತಿತ್ತು. ಪ್ಲಾಸ್ಟಿಕ್ ಹರಿದು ತಾಮ್ರ ಕಾಣುತ್ತಿತ್ತು. ಖಾಲಿ ಗಾಡಿಯಲ್ಲಿ ಬೋಲ್ಟು, ಚಾಸಿಗಳ ನಡುವೆ ಕೈ ತೂರುವಷ್ಟು ಸಂದು.

ಹರಿದಷ್ಟನ್ನು ಕತ್ತರಿಸಿ, ಹೊಸ ವೈರು ಬೆಸೆದು, ಪೈಪಿನೊಳಗೆ ತೂರಿಸಿ, ಚಾಸಿಯ ಮೇಲಂಚಿಗೆ ಕ್ಲಿಪ್ ಹಾಕಿದ. ಬರೀ ಟೇಪು ಸುತ್ತಿದ್ದರೆ ಎಣ್ಣೆ, ಕೆಸರಿಗೆ ಬಿಚ್ಚಿಹೋಗುತ್ತಿತ್ತು. ಫ್ಯೂಸಿನ ಜಾಗಕ್ಕೆ ಮತ್ತೆ 10 ಆಂಪಿಯರಿನದೇ ಬಂತು.

ನಿಮ್ಮ ಗಾಡಿಯದೂ ಇದೇ ಗೋಳಾದರೆ ಫ್ಯೂಸು ಯಾವ ರಸ್ತೆಯಲ್ಲಿ, ಎಷ್ಟು ಭಾರ ಹೊತ್ತಾಗ ಹಾರಿತೆಂದು ಬರೆದಿಟ್ಟುಕೊಳ್ಳಿ. ಗ್ಯಾರೇಜಿಗೆ ಅದೇ ಭಾರದೊಂದಿಗೆ ಒಯ್ಯಿರಿ.