ಓಪನ್‌ಆಫೀಸ್ ಕವಲು ಮತ್ತು ಲಿಬ್ರೆಆಫೀಸ್‌ನ ಉಗಮ

ಓಪನ್‌ಆಫೀಸ್.ಆರ್ಗ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಅಭಿವರ್ಧಕರಲ್ಲಿ ಹಲವರು ಅದರ ಒಡೆಯನಾಗಿದ್ದ ಒರಾಕಲ್ ಕಂಪನಿಯಿಂದ ಬೇರ್ಪಟ್ಟು, 2010ರ ಸೆಪ್ಟೆಂಬರ್ 28ರಂದು ಲಿಬ್ರೆಆಫೀಸ್ ಎಂಬ ಹೊಸ ಯೋಜನೆಯನ್ನು ಪ್ರಕಟಿಸಿದರು. ಒಂದು ತಂತ್ರಾಂಶದ ಮೂಲ ಸಂಕೇತವನ್ನು ಬಳಸಿಕೊಂಡು, ಮೂಲ ಯೋಜನೆಯಿಂದ ಸ್ವತಂತ್ರವಾಗಿ ಬೆಳೆಸುವುದಕ್ಕೆ ತಂತ್ರಾಂಶದ ಪರಿಭಾಷೆಯಲ್ಲಿ ಕವಲು ಅಥವಾ ಫೋರ್ಕ್ ಎಂದು ಹೆಸರು. ಮುಕ್ತ ಪರವಾನಗಿಗಳು ಇದಕ್ಕೆ ಅವಕಾಶ ಕೊಡುತ್ತವೆಯಾದರೂ, ಇಷ್ಟು ದೊಡ್ಡ ಯೋಜನೆಯೊಂದು ಒಡೆಯುವುದು ವಿರಳ. ಸಂಕೇತವು ಎಲ್ಲರಿಗೂ ಮುಕ್ತವಾಗಿದ್ದರೂ ಅದರ ಕೃತಿಸ್ವಾಮ್ಯ, ಹೆಸರು ಮತ್ತು ಆಡಳಿತ ಒಂದೇ ಕಂಪನಿಯ ಕೈಯಲ್ಲಿ ಉಳಿದದ್ದು ಈ ಒಡಕಿನ ಮೂಲ ಕಾರಣವಾಗಿತ್ತು.

ಹಿನ್ನೆಲೆ

ಓಪನ್‌ಆಫೀಸ್‌ನ ಪೂರ್ವರೂಪ ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯ ಸ್ಟಾರ್‌ಆಫೀಸ್. 1999ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಈ ಕಂಪನಿಯನ್ನು ಕೊಂಡುಕೊಂಡಿತು. ತನ್ನ ಸಾವಿರಾರು ನೌಕರರಿಗೆ ಮೈಕ್ರೋಸಾಫ್ಟ್ ಆಫೀಸ್ ಪರವಾನಗಿ ಪಡೆಯುವುದಕ್ಕಿಂತ ಕಂಪನಿಯನ್ನೇ ಖರೀದಿಸುವುದು ಸನ್‌ಗೆ ಅಗ್ಗವಾಗಿತ್ತು ಎಂಬ ಮಾತೂ ಪ್ರಚಲಿತದಲ್ಲಿದೆ. 2000ದ ಜುಲೈನಲ್ಲಿ ಸನ್ ಇದರ ಮೂಲ ಸಂಕೇತವನ್ನು ಮುಕ್ತಗೊಳಿಸುವುದಾಗಿ ಘೋಷಿಸಿತು. ಅದೇ ವರ್ಷದ ಅಕ್ಟೋಬರ್ 13ರಂದು ಸಂಕೇತ ಸಾರ್ವಜನಿಕರಿಗೆ ದೊರೆಯಿತು. 1.0 ಆವೃತ್ತಿ 2002ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಪದಸಂಸ್ಕರಣೆ, ಸ್ಪ್ರೆಡ್‌ಶೀಟ್, ಪ್ರಸ್ತುತಿ ಮುಂತಾದ ಕೆಲಸಗಳಿಗೆ ಉಚಿತವಾಗಿ ದೊರೆಯುವ ಪರ್ಯಾಯವಾಗಿ ಇದು ಜಗತ್ತಿನಾದ್ಯಂತ ಹರಡಿತು.

ಕೃತಿಸ್ವಾಮ್ಯದ ಒಪ್ಪಂದ

ಯೋಜನೆಗೆ ಸಂಕೇತವನ್ನು ಕೊಡುಗೆಯಾಗಿ ನೀಡುವ ಪ್ರತಿಯೊಬ್ಬರೂ ಸನ್ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಅದರಂತೆ ಕೊಡುಗೆಯ ಕೃತಿಸ್ವಾಮ್ಯದಲ್ಲಿ ಸನ್ ಸಹ ಪಾಲುದಾರನಾಗುತ್ತಿತ್ತು. ಇದಕ್ಕೆ ವ್ಯಾವಹಾರಿಕ ಕಾರಣವಿತ್ತು: ಇದೇ ಸಂಕೇತವನ್ನು ಆಧರಿಸಿ ಸನ್ ಸ್ಟಾರ್‌ಆಫೀಸ್ ಎಂಬ ವಾಣಿಜ್ಯ ಆವೃತ್ತಿಯನ್ನು ಮಾರುತ್ತಿತ್ತು ಮತ್ತು ಬೇರೆ ಕಂಪನಿಗಳಿಗೆ ಪ್ರತ್ಯೇಕ ಪರವಾನಗಿ ಕೊಡುವ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಳ್ಳಲು ಬಯಸಿತ್ತು. ಮುಂದೆ ಪರವಾನಗಿಯನ್ನು ಬದಲಿಸಬೇಕಾಗಿ ಬಂದರೆ ಸಾವಿರಾರು ಜನರ ಒಪ್ಪಿಗೆ ಹುಡುಕುವ ಕಷ್ಟವೂ ಇದರಿಂದ ತಪ್ಪುತ್ತಿತ್ತು. ಆದರೆ ಈ ವ್ಯವಸ್ಥೆ ಸಮಾನರ ನಡುವಿನದ್ದಾಗಿರಲಿಲ್ಲ. ಉಳಿದವರೆಲ್ಲ ಮುಕ್ತ ಪರವಾನಗಿಯ ಷರತ್ತುಗಳಿಗೆ ಬದ್ಧರಾಗಿದ್ದರೆ, ಅದೇ ಸಂಕೇತವನ್ನು ಆ ಷರತ್ತುಗಳಿಲ್ಲದೆ ಬಳಸುವ ಹಕ್ಕು ಸನ್ ಒಂದಕ್ಕೆ ಮಾತ್ರ ಇತ್ತು.

ಒಪ್ಪಂದದ ಪರಿಣಾಮವನ್ನು ತೋರುವ ಪ್ರಕರಣವೊಂದು 2007ರಲ್ಲಿ ಬಹಿರಂಗವಾಯಿತು. ಸ್ಪ್ರೆಡ್‌ಶೀಟ್‌ನಲ್ಲಿ ನಿರ್ದಿಷ್ಟ ಮಿತಿಗಳಿಗೆ ಒಳಪಟ್ಟು ಅತ್ಯುತ್ತಮ ಉತ್ತರವನ್ನು ಕಂಡುಹಿಡಿಯುವ ‘ಸಾಲ್ವರ್’ ಎಂಬ ಸೌಲಭ್ಯವನ್ನು ಅಭಿವರ್ಧಕರೊಬ್ಬರು ಸಿದ್ಧಪಡಿಸಿದ್ದರು. ಕೃತಿಸ್ವಾಮ್ಯದ ವಿಷಯದಲ್ಲಿ ಒಮ್ಮತ ಮೂಡದ ಕಾರಣ ಅದು ಮುಖ್ಯ ಯೋಜನೆಗೆ ಸೇರಲಿಲ್ಲ; ಸನ್ ಅದೇ ಕೆಲಸ ಮಾಡುವ ಬೇರೊಂದು ಸಾಲ್ವರ್ ಅನ್ನು ತಾನೇ ರಚಿಸಿತು.

ಹೀಗೆ ಹೊರಗುಳಿದ ಸುಧಾರಣೆಗಳು ಗೋ-ಓಓ ಎಂಬ ಪ್ಯಾಚ್ ಸಂಗ್ರಹದಲ್ಲಿ ಸೇರುತ್ತ ಹೋದವು. ಇದನ್ನು ಮುಖ್ಯವಾಗಿ ಪೋಷಿಸುತ್ತಿದ್ದುದು ನೊವೆಲ್ ಕಂಪನಿ; ಅದರ ಉದ್ಯೋಗಿ ಮೈಕಲ್ ಮೀಕ್ಸ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಹಲವು ಲಿನಕ್ಸ್ ವಿತರಣೆಗಳಲ್ಲಿ ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಬಳಕೆದಾರರಿಗೆ ಸಿಗುತ್ತಿದ್ದುದು ವಾಸ್ತವವಾಗಿ ಈ ಪ್ಯಾಚ್‌ಗಳನ್ನು ಸೇರಿಸಿದ ರೂಪವೇ. ಆದ್ದರಿಂದ ಈ ಸಂಘರ್ಷವನ್ನು ‘ಕಂಪನಿ ಮತ್ತು ಸಂಬಳವಿಲ್ಲದ ಸ್ವಯಂಸೇವಕರ ಜಗಳ’ ಎಂದಷ್ಟೇ ವಿವರಿಸುವುದು ಸರಿಯಾಗದು. ಬೇರೆ ಕಂಪನಿಗಳಿಂದ ಸಂಬಳ ಪಡೆಯುತ್ತಿದ್ದ ಅಭಿವರ್ಧಕರೂ ಸ್ವಯಂಸೇವಕರೊಡನೆ ಒಂದೇ ಬದಿಯಲ್ಲಿದ್ದರು.

ಒರಾಕಲ್ ಪ್ರವೇಶ ಮತ್ತು ಬೇರ್ಪಡೆ

2010ರ ಜನವರಿಯಲ್ಲಿ ಒರಾಕಲ್ ಕಂಪನಿ ಸನ್ ಅನ್ನು ಸ್ವಾಧೀನಪಡಿಸಿಕೊಂಡಿತು. ಓಪನ್‌ಆಫೀಸ್ ಹೆಸರಿನ ವ್ಯಾಪಾರಮುದ್ರೆ ಮತ್ತು ಸಂಗ್ರಹವಾಗಿದ್ದ ಕೃತಿಸ್ವಾಮ್ಯ ಎರಡೂ ಅದರ ಪಾಲಾದವು. ಸನ್‌ನ ಮತ್ತೊಂದು ಮುಕ್ತ ಯೋಜನೆಯಾದ ಓಪನ್‌ಸೊಲಾರಿಸ್‌ನ ಅಭಿವೃದ್ಧಿಯನ್ನು ಒರಾಕಲ್ ಅದೇ ವರ್ಷ ಮುಚ್ಚಿದ ಬಾಗಿಲಿನ ಹಿಂದಕ್ಕೆ ಒಯ್ದಿತು. ಇದು ಓಪನ್‌ಆಫೀಸ್ ಸಮುದಾಯದ ಆತಂಕವನ್ನು ಹೆಚ್ಚಿಸಿತು. ಯೋಜನೆಯನ್ನು ಸ್ವತಂತ್ರ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಬೇಕೆಂಬ ಆಶಯ ಯೋಜನೆಯ ಆರಂಭದಿಂದಲೂ ಇತ್ತು. ಹತ್ತು ವರ್ಷ ಕಳೆದರೂ ಅದು ಈಡೇರಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸಮುದಾಯದ ಸದಸ್ಯರು ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಘಟನೆಯನ್ನು ಪ್ರಕಟಿಸಿದರು. ನೊವೆಲ್, ರೆಡ್ ಹ್ಯಾಟ್, ಗೂಗಲ್, ಕ್ಯಾನಾನಿಕಲ್ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ಬೆಂಬಲಿಸಿದವು. ಲಿಬ್ರೆಆಫೀಸ್ ಎಂಬುದು ಆಗ ತಾತ್ಕಾಲಿಕ ಹೆಸರಾಗಿತ್ತು. ಒರಾಕಲ್ ಸಹ ಪ್ರತಿಷ್ಠಾನವನ್ನು ಸೇರಬೇಕು, ಓಪನ್‌ಆಫೀಸ್ ಹೆಸರನ್ನು ದಾನವಾಗಿ ನೀಡಬೇಕು ಎಂದು ಸಂಘಟನೆ ಕೋರಿತ್ತು. ಒರಾಕಲ್ ಒಪ್ಪಲಿಲ್ಲ. ಅಕ್ಟೋಬರ್ ಮಧ್ಯದಲ್ಲಿ ನಡೆದ ಓಪನ್‌ಆಫೀಸ್ ಸಮುದಾಯ ಮಂಡಳಿಯ ಸಭೆಯಲ್ಲಿ, ಹಿತಾಸಕ್ತಿಗಳ ಸಂಘರ್ಷವಿದೆ ಎಂಬ ಕಾರಣ ನೀಡಿ, ಹೊಸ ಪ್ರತಿಷ್ಠಾನ ಸೇರಿದ್ದ ಸದಸ್ಯರು ಮಂಡಳಿಯಿಂದ ಹೊರಹೋಗಬೇಕೆಂದು ಒರಾಕಲ್ ಪರ ಸದಸ್ಯರು ಸೂಚಿಸಿದರು. ರಾಜಿಯ ಬಾಗಿಲು ಅಲ್ಲಿಗೆ ಮುಚ್ಚಿತು. ಆ ತಿಂಗಳ ಕೊನೆಗೆ 33 ಮಂದಿ ಒಟ್ಟಾಗಿ ಹಳೆಯ ಯೋಜನೆಯನ್ನು ತೊರೆದರು.

ಲಿಬ್ರೆಆಫೀಸ್‌ನ ಮೊದಲ ಸ್ಥಿರ ಆವೃತ್ತಿ 3.3, 2011ರ ಜನವರಿ 25ರಂದು ಹೊರಬಂದಿತು. ಪ್ರತಿಷ್ಠಾನವನ್ನು ಜರ್ಮನಿಯ ಕಾನೂನಿನಡಿ ಸ್ಥಾಪಿಸಲು ಬೇಕಾಗಿದ್ದ 50,000 ಯೂರೋ ಮೂಲಧನ, ಮನವಿ ಮಾಡಿದ ಎಂಟು ದಿನಗಳಲ್ಲಿ ಬಳಕೆದಾರರ ದೇಣಿಗೆಯಿಂದಲೇ ಕೂಡಿಬಂದಿತು. ಕೃತಿಸ್ವಾಮ್ಯ ವರ್ಗಾವಣೆಯ ನಿಯಮವನ್ನು ಹೊಸ ಯೋಜನೆ ಕೈಬಿಟ್ಟಿತು. ಬರೆದವರ ಹಕ್ಕು ಬರೆದವರಲ್ಲೇ ಉಳಿಯಿತು. ಹೊಸಬರಿಗೆಂದು ಸುಲಭವಾದ ಕೆಲಸಗಳ ಪಟ್ಟಿಯೊಂದನ್ನು ಸಿದ್ಧಪಡಿಸಲಾಯಿತು. ಸ್ಟಾರ್‌ಡಿವಿಷನ್ ಕಾಲದಿಂದ ಸಂಕೇತದಲ್ಲಿ ಉಳಿದಿದ್ದ ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ಅನುವಾದಿಸುವುದು, ಬಳಕೆಯಲ್ಲಿಲ್ಲದ ಸಂಕೇತವನ್ನು ತೆಗೆದುಹಾಕುವುದು ಇಂತಹ ಕೆಲಸಗಳಲ್ಲಿ ಸೇರಿದ್ದವು.

ಅಪಾಚೆಗೆ ಹಸ್ತಾಂತರ ಮತ್ತು ಹೆಸರಿನ ಸಮಸ್ಯೆ

2011ರ ಏಪ್ರಿಲ್‌ನಲ್ಲಿ ಒರಾಕಲ್ ಓಪನ್‌ಆಫೀಸ್‌ನ ವಾಣಿಜ್ಯ ಆವೃತ್ತಿಯನ್ನು ನಿಲ್ಲಿಸುವುದಾಗಿ ತಿಳಿಸಿತು. ಜೂನ್‌ನಲ್ಲಿ ಸಂಕೇತ ಮತ್ತು ಹೆಸರನ್ನು ದಿ ಡಾಕ್ಯುಮೆಂಟ್ ಫೌಂಡೇಶನ್‌ಗೆ ಕೊಡದೆ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ನೀಡಿತು. ಈ ನಿರ್ಧಾರವನ್ನು ಐಬಿಎಂ ಬೆಂಬಲಿಸಿತು. ಅಪಾಚೆ ಪರವಾನಗಿಯಡಿ ಇರುವ ಸಂಕೇತವನ್ನು ಮುಚ್ಚಿದ ವಾಣಿಜ್ಯ ತಂತ್ರಾಂಶದಲ್ಲಿಯೂ ಬಳಸಬಹುದು. ಬದಲಾವಣೆಗಳನ್ನು ಹಂಚಿಕೊಳ್ಳುವ ಕಡ್ಡಾಯವಿಲ್ಲ. ಲಿಬ್ರೆಆಫೀಸ್‌ನ ಪರವಾನಗಿ ಇದಕ್ಕಿಂತ ಬಿಗಿ. ಇದರ ಫಲವಾಗಿ ವಿನಿಮಯ ಏಕಮುಖವಾಯಿತು: ಅಪಾಚೆಯ ಸುಧಾರಣೆಗಳನ್ನು ಲಿಬ್ರೆಆಫೀಸ್ ಪಡೆಯಬಹುದಾಗಿತ್ತು, ಲಿಬ್ರೆಆಫೀಸ್‌ನದನ್ನು ಅಪಾಚೆ ಪಡೆಯುವಂತಿರಲಿಲ್ಲ.

ವಿವಾದದ ಹೊರೆ ಕೊನೆಗೆ ಬಿದ್ದದ್ದು ಇದರ ಬಗ್ಗೆ ಏನೂ ತಿಳಿಯದ ಬಳಕೆದಾರರ ಮೇಲೆ. ಪರಿಚಿತ ಹೆಸರು ಒಂದು ಕಡೆ, ಅಭಿವರ್ಧಕರಲ್ಲಿ ಹೆಚ್ಚಿನವರು ಇನ್ನೊಂದು ಕಡೆ ಎಂಬಂತಾಯಿತು. ಹಂಗುಲ್ ಎಂಬ ಕೊರಿಯನ್ ಪದಸಂಸ್ಕಾರಕದ ಕಡತಗಳನ್ನು ತೆರೆಯುವ ಭಾಗದಲ್ಲಿ 2015ರಲ್ಲಿ ಭದ್ರತಾ ದೋಷವೊಂದು ಪತ್ತೆಯಾದಾಗ ಲಿಬ್ರೆಆಫೀಸ್ ಏಪ್ರಿಲ್‌ನಲ್ಲೇ ಪರಿಹಾರ ನೀಡಿತು. ಅಪಾಚೆ ಓಪನ್‌ಆಫೀಸ್‌ನ ಸರಿಪಡಿಸಿದ ಆವೃತ್ತಿ 4.1.2 ಬಂದದ್ದು ಅಕ್ಟೋಬರ್ ಕೊನೆಯಲ್ಲಿ. ಅಲ್ಲಿಯವರೆಗೆ ದೋಷವಿರುವ ಕಡತವನ್ನು ಕೈಯಾರೆ ತೆಗೆದುಹಾಕುವುದೇ ಬಳಕೆದಾರರಿಗೆ ಸೂಚಿಸಿದ್ದ ಉಪಾಯ. 2016ರಲ್ಲಿ ಯೋಜನೆಯನ್ನು ನಿಲ್ಲಿಸುವ ಸಾಧ್ಯತೆಯ ಬಗ್ಗೆ ಅಪಾಚೆಯೊಳಗೇ ಚರ್ಚೆ ನಡೆಯಿತು, ಆದರೆ ನಿಲ್ಲಿಸಲಿಲ್ಲ. ಓಪನ್‌ಆಫೀಸ್‌ಗೆ 20 ವರ್ಷ ತುಂಬಿದ 2020ರ ಅಕ್ಟೋಬರ್‌ನಲ್ಲಿ ದಿ ಡಾಕ್ಯುಮೆಂಟ್ ಫೌಂಡೇಶನ್ ಬಹಿರಂಗ ಪತ್ರ ಬರೆದು, ಲಿಬ್ರೆಆಫೀಸ್ ಇರುವುದನ್ನು ತಮ್ಮ ಬಳಕೆದಾರರಿಗೆ ತಿಳಿಸುವಂತೆ ಅಪಾಚೆ ಯೋಜನೆಯನ್ನು ಕೋರಿತು.

ಲಿಬ್ರೆಆಫೀಸ್‌ನೊಳಗಿನ ಭಿನ್ನಾಭಿಪ್ರಾಯಗಳು

ಕಂಪನಿಯ ಒಡೆತನ ಹೋದ ಮಾತ್ರಕ್ಕೆ ಕಂಪನಿಗಳೊಡನೆಯ ತಿಕ್ಕಾಟ ಕೊನೆಗೊಳ್ಳಲಿಲ್ಲ. ಲಿಬ್ರೆಆಫೀಸ್‌ನ ಸಂಕೇತದಲ್ಲಿ ಗಣನೀಯ ಪಾಲು ಕೊಲಾಬೊರಾದಂತಹ ಕಂಪನಿಗಳ ಉದ್ಯೋಗಿಗಳದ್ದು. ಸಂಸ್ಥೆಗಳು ಹಣ ಕೊಡದೆ ಉಚಿತ ಆವೃತ್ತಿಯನ್ನೇ ಬಳಸಿದರೆ ಈ ಅಭಿವರ್ಧಕರ ಸಂಬಳಕ್ಕೆ ದಾರಿ ಯಾವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. 2020ರ ಜುಲೈನಲ್ಲಿ, 7.0 ಆವೃತ್ತಿಯ ಪೂರ್ವ ಬಿಡುಗಡೆಯಲ್ಲಿ ‘ವೈಯಕ್ತಿಕ ಆವೃತ್ತಿ’ ಎಂಬ ಅರ್ಥದ ಪಟ್ಟಿ ಕಾಣಿಸಿಕೊಂಡಾಗ, ಮುಂದೆ ಇತರರಿಗೆ ಶುಲ್ಕ ವಿಧಿಸಬಹುದೆಂಬ ಅನುಮಾನದಿಂದ ತೀವ್ರ ವಿರೋಧ ವ್ಯಕ್ತವಾಯಿತು, ಅದನ್ನು ಹಿಂಪಡೆಯಲಾಯಿತು. ಅದೇ ವರ್ಷ ಕೊಲಾಬೊರಾ ತಾನು ಹೆಚ್ಚಾಗಿ ಬೆಳೆಸಿದ್ದ ಆನ್‌ಲೈನ್ ಆವೃತ್ತಿಯ ಕೆಲಸವನ್ನು ಪ್ರತಿಷ್ಠಾನದ ಹೊರಗೆ, ತನ್ನದೇ ಹೆಸರಿನಲ್ಲಿ ಮುಂದುವರಿಸಿತು. 2021ರ ಫೆಬ್ರುವರಿಯಲ್ಲಿ ಬಂದ 7.1 ಆವೃತ್ತಿಗೆ ‘ಕಮ್ಯುನಿಟಿ’ ಎಂಬ ಪಟ್ಟಿ ಅಂಟಿಸಲಾಯಿತು. ಸ್ವಯಂಸೇವಕರ ಬೆಂಬಲವಿರುವ ಈ ಆವೃತ್ತಿ ಎಲ್ಲರಿಗೂ ಉಚಿತ. ದೊಡ್ಡ ಸಂಸ್ಥೆಗಳು ಮಾತ್ರ ಕಂಪನಿಗಳಿಂದ ಬೆಂಬಲಸಹಿತ ಆವೃತ್ತಿಯನ್ನು ಪಡೆಯಬೇಕೆಂಬುದು ಪ್ರತಿಷ್ಠಾನದ ಶಿಫಾರಸು.

ಲಿಬ್ರೆಆಫೀಸ್‌ನ ಬಳಕೆದಾರ ಸಂಪರ್ಕಸಾಧನ ಕನ್ನಡದಲ್ಲಿಯೂ ಲಭ್ಯವಿದೆ.