ಹಗ್ಗದ ಇನ್ನೊಂದು ತುದಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಹೆಸರುಗಳನ್ನು ಹೇಳಿದೊಡನೆ ಕೇಳುವವರ ಕಣ್ಣ ಮುಂದೆ ಮೂಡುವುದು ಕೃಷ್ಣೆಯ ದಂಡೆಯ ಕಬ್ಬಿನ ಹೊಲ, ನಿಪ್ಪಾಣಿಯ ತಂಬಾಕು, ಅಥಣಿಯ ಚಪ್ಪಲಿ. ಇಂಥ ಸೀಮೆಯಲ್ಲಿ ಬಂಡೆ ಹತ್ತುವವರ ಸಂಘವೊಂದನ್ನು ಕಟ್ಟಬೇಕೆಂದು ನಾನು ಹೊರಟಾಗ ಹಳೆಯ ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. “ಮಾಸ್ತರ, ನಮ್ಮ ಕಡೆ ಹತ್ತಾಕ ಕಬ್ಬಿನ ಬಂಡಿ ಅದಾವ್ರೀ, ಬಂಡೆ ಎಲ್ಲಿ ಅದಾವ?” ಎಂದರು. ನಾನೂ ನಕ್ಕೆ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವುದರಿಂದಲೇ ನಮ್ಮ ಕೆಲಸ ಮೊದಲಾಯಿತು.

ನಮ್ಮ ಎರೆಮಣ್ಣಿನ ಅಡಿಯಲ್ಲಿ ಇರುವುದೆಲ್ಲ ಕಲ್ಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಿದು, ಆರಿ, ಬಸಾಲ್ಟ್ ಎಂಬ ಕರಿಗಲ್ಲಾಯಿತು. ಆ ಕಲ್ಲು ಸವೆದು ಆದದ್ದೇ ನಮ್ಮ ಎರೆಭೂಮಿ. ನಿಪ್ಪಾಣಿಯ ಬಳಿ ತವಂದಿ ಘಟ್ಟವನ್ನು ಏರುವಾಗ ರಸ್ತೆಗಾಗಿ ಕಡಿದ ಗುಡ್ಡದ ಮೈಯನ್ನು ನೋಡಿದವರಿಗೆ ಈ ಕಲ್ಲು ಹೊಸದಲ್ಲ. ರಾಯಬಾಗದಿಂದ ದಕ್ಷಿಣಕ್ಕೆ ಗೋಕಾಕದ ಕಡೆಗೆ ಸರಿದರೆ ಕಲ್ಲಿನ ಜಾತಿಯೇ ಬದಲಾಗುತ್ತದೆ. ಅಲ್ಲಿ ಘಟಪ್ರಭೆಯು ಸುಮಾರು 52 ಮೀಟರ್ ಆಳಕ್ಕೆ ಧುಮುಕುವುದು ಬಸಾಲ್ಟಿಗಿಂತ ಎಷ್ಟೋ ಹಳೆಯದಾದ ಮರಳುಗಲ್ಲಿನ ಅಂಚಿನಿಂದ. ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದ ಕರೆಯುವ ಆ ಶಿಲಾಸಮೂಹದ್ದೇ ಬಾದಾಮಿಯ ಕೆಂಪು ಬಂಡೆಗಳು. ದೇಶದ ನಾನಾ ಭಾಗಗಳಿಂದಲೂ ಹೊರದೇಶಗಳಿಂದಲೂ ಬಂಡೆ ಹತ್ತುವವರು ಬಾದಾಮಿಗೆ ಬರುತ್ತಾರೆ.

ಹತ್ತುವವನಿಗೆ ಈ ಎರಡು ಕಲ್ಲುಗಳ ಸ್ವಭಾವ ತಿಳಿದಿರಬೇಕು. ಬಸಾಲ್ಟಿನಲ್ಲಿ ಗಟ್ಟಿ ಪದರದ ನಡುವೆ ಮೆತ್ತನೆಯ ಪದರ ಅಡಗಿರುತ್ತದೆ. ಸೀಳು ಬಿಟ್ಟ ತುಂಡುಗಳು ಗೋಡೆಯಲ್ಲಿ ಇಟ್ಟಿಗೆಯಂತೆ ಕುಳಿತಿದ್ದು, ನೋಡಲು ಭದ್ರವಾಗಿ ಕಂಡರೂ ಎಳೆದರೆ ಕಿತ್ತುಬರುತ್ತವೆ. ಆದುದರಿಂದ ಭಾರ ಹಾಕುವ ಮುನ್ನ ಕಲ್ಲನ್ನು ತಟ್ಟಿ ಕೇಳಬೇಕು. ಗಟ್ಟಿಕಲ್ಲು ಠಣ್ ಎನ್ನುತ್ತದೆ. ಸಡಿಲಾದದ್ದು ಪೊಳ್ಳು ಮಡಕೆಯಂತೆ ನುಡಿಯುತ್ತದೆ. ಮರಳುಗಲ್ಲು ಕೈಗೆ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಮಳೆಯಲ್ಲಿ ನೆನೆದರೆ ಅದರ ಬಲ ಕುಗ್ಗುತ್ತದೆ. ಮೇಲ್ಮೈ ಒಣಗಿತೆಂದ ಮಾತ್ರಕ್ಕೆ ಒಳಗೂ ಒಣಗಿತೆಂದು ತಿಳಿಯಬಾರದು.

ಇದೆಲ್ಲ ನಾನು ತಡವಾಗಿ ಕಲಿತ ಪಾಠ. ನಾನು ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ ಊರ ಹೊರಗೆ ಕೆಲಸ ನಿಂತುಹೋದ ಒಂದು ಕಲ್ಲಿನ ಖಣಿ ಇತ್ತು. ಸಂಜೆ ಹುಡುಗರು ಬರಿಗಾಲಿನಲ್ಲಿ ಅದರ ಗೋಡೆಯನ್ನು ಏರುತ್ತಿದ್ದರು. ಗರಡಿಮನೆಯ ಸಾಮು, ಮಲ್ಲಕಂಬ ಕಂಡು ಬೆಳೆದ ಸೀಮೆಯ ಮಕ್ಕಳು. ಅವರ ಮೈಯಲ್ಲಿ ಕಸುವಿತ್ತು, ಅಂಜಿಕೆ ಇರಲಿಲ್ಲ. ಒಂದು ಸಂಜೆ ಆ ದಾರಿಯಲ್ಲಿ ಹೋಗುತ್ತಿದ್ದ ನಾನು ನಿಂತು ನೋಡಿದೆ. ಎಲ್ಲರಿಗಿಂತ ಮೇಲೆ ಏರಿದವನಿಗೆ “ಭಲೆ!” ಎಂದು ಚಪ್ಪಾಳೆ ತಟ್ಟಿದೆ. ಮುಂದೆ ಕೆಲವೇ ವಾರಗಳಲ್ಲಿ ಅದೇ ಹುಡುಗ ಅದೇ ಗೋಡೆಯಿಂದ ಬಿದ್ದ. ಎರಡೂ ಹಿಮ್ಮಡಿಗಳು ಒಡೆದವು, ಸೊಂಟದ ಎಲುಬು ಮುರಿಯಿತು. ನೋಡಲು ಹೋದಾಗ ಅವನು ನನ್ನನ್ನು ದೂರಲಿಲ್ಲ. “ಕಲ್ಲು ಕೈಯಾಗ ಬಂತ್ರೀ ಸರ್,” ಎಂದಷ್ಟೇ ಹೇಳಿದ. ಅವನ ತಂದೆ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಆ ಚಪ್ಪಾಳೆಯ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಹುಡುಗರನ್ನು ಗದರಿಸಿ ತಡೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಡೆದೆವು, ಖಣಿಗೆ ಮುಳ್ಳುಬೇಲಿ ಹಾಕಿಸಿದೆವು. ಅವರು ಬಾವಿಯ ಗೋಡೆ ಹುಡುಕಿಕೊಂಡರು. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರುವ, ಕೋತಿರಾಜನೆಂದು ಹೆಸರಾದ ಜ್ಯೋತಿರಾಜ್ ಅವರನ್ನು ಇಂದಿನ ಹುಡುಗರು ಮೊಬೈಲಿನಲ್ಲಿ ಕಾಣುತ್ತಾರೆ. ಅಂಥ ಅಪರೂಪದ ಶಕ್ತಿಯನ್ನು ಮೆಚ್ಚಬಹುದು, ಮಾದರಿಯಾಗಿ ಹಿಡಿಯಬಾರದು. ಹತ್ತುವ ಆಸೆ ಹುಟ್ಟಿನಿಂದ ಬಂದದ್ದು. ಅದನ್ನು ಬೇಲಿಯಿಂದ ಕಟ್ಟಲಾಗದು, ಹಗ್ಗದಿಂದ ಕಟ್ಟಬಹುದು ಎಂಬುದು ನನಗೆ ಆಮೇಲೆ ಹೊಳೆಯಿತು.

ಹೊಳೆದದ್ದು ನನ್ನ ಸೋದರಮಾವನ ನೆನಪಿನಿಂದ. ನಾನು ಚಿಕ್ಕವನಿದ್ದಾಗ ಹೊಲದಲ್ಲಿ ಬಾವಿ ತೋಡಿಸುತ್ತಿದ್ದರು. ಕರಿಗಲ್ಲನ್ನು ಒಡೆಯಲು ಒಬ್ಬನು ಹಗ್ಗದ ಆಸರೆಯಿಂದ ಕೆಳಗಿಳಿಯುವನು. ಇನ್ನೊಬ್ಬನು ಮೇಲೆ ಕಾಲು ಊರಿ ಹಗ್ಗವನ್ನು ಬೆನ್ನ ಸುತ್ತ ಹಾಯಿಸಿ ಹಿಡಿದು ನಿಲ್ಲುವನು. ನಾನು ಅವನ ಬಳಿ ಹೋಗಿ ಏನೋ ಕೇಳಲು ಮೊದಲು ಮಾಡಿದೆ. ಮಾವ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದು, “ಹಗ್ಗ ಹಿಡದಾವನ್ನ ಮಾತಾಡಸಬ್ಯಾಡ,” ಎಂದ. ಬಂಡೆ ಹತ್ತುವ ವಿದ್ಯೆಯ ಮೊದಲ ಪಾಠವೂ ಇದೇ ಎಂದು ನಾನು ಮುಂದೆ ಪುಸ್ತಕಗಳಲ್ಲಿ ಓದಿದೆ.

ಈ ವಿದ್ಯೆಯಲ್ಲಿ ಹಗ್ಗ ಹಿಡಿಯುವ ಕೆಲಸಕ್ಕೆ ‘ಬಿಲೇ’ ಎಂಬ ಹೆಸರಿದೆ. ಹೊಸಬರಿಗೆ ತಕ್ಕ ಕ್ರಮವೆಂದರೆ, ಬಂಡೆಯ ನೆತ್ತಿಯಲ್ಲಿ ಮೊದಲೇ ಹಗ್ಗಕ್ಕೆ ಆಧಾರ ಕಟ್ಟುವುದು. ಆ ಆಧಾರ ಒಂದೇ ಮರಕ್ಕೋ ಒಂದೇ ಮೊಳೆಗೋ ನೇತಾಡಬಾರದು. ಒಂದು ಕಿತ್ತರೂ ಇನ್ನೊಂದು ಹಿಡಿಯುವಂತೆ ಕಡಿಮೆಯೆಂದರೆ ಎರಡು ಸ್ವತಂತ್ರ ಆಸರೆಗಳಿರಬೇಕು. ಹತ್ತುವವನ ಸೊಂಟಪಟ್ಟಿಯಿಂದ ಹೊರಟ ಹಗ್ಗ ನೆತ್ತಿಗೆ ಹೋಗಿ, ತಿರುಗಿ ಕೆಳಗೆ ನಿಂತವನ ಬಳಿಗೆ ಬರುತ್ತದೆ. ಇವನ ಸೊಂಟದಲ್ಲಿರುವ ಸಣ್ಣ ಲೋಹದ ಸಾಧನದೊಳಗೆ ಹಗ್ಗ ಬಾಗಿ ಹಾಯುತ್ತದೆ. ಅವನು ಏರಿದಂತೆಲ್ಲ ಇವನು ಸಡಿಲನ್ನು ಎಳೆದುಕೊಳ್ಳುತ್ತಾನೆ. ಮೇಲಿನವನ ಕೈ ಜಾರಿದರೆ, ಆ ಬಾಗಿನ ತಿಕ್ಕಾಟದಿಂದ ಹಗ್ಗ ಕಚ್ಚಿ ನಿಲ್ಲುತ್ತದೆ. ಬಲಕ್ಕಿಂತ ಗಮನ ಮುಖ್ಯವಾದ ಕೆಲಸವಿದು. ಆದುದರಿಂದಲೇ ಹೆಣ್ಣುಮಕ್ಕಳು ಇದರಲ್ಲಿ ಗಂಡುಹುಡುಗರಿಗೆ ಎಳ್ಳಷ್ಟೂ ಕಡಿಮೆಯಲ್ಲ. ಆದರೆ ಒಂದು ಎಚ್ಚರಿಕೆ: ಹಗ್ಗದ ಮೇಲೆ ಇರಬೇಕಾದ ಕೈ ಒಂದು ಗಳಿಗೆಯೂ ಹಗ್ಗವನ್ನು ಬಿಡಬಾರದು.

ಹಗ್ಗದ ಮಾತನ್ನೂ ಹೇಳಬೇಕು. ಎತ್ತು ಕಟ್ಟುವ ಹಗ್ಗವಾಗಲಿ, ಸಂತೆಯ ನೈಲಾನ್ ಹಗ್ಗವಾಗಲಿ ಈ ಕೆಲಸಕ್ಕೆ ಸಲ್ಲದು. ಹಿಂದೆ ಪರ್ವತಾರೋಹಿಗಳು ನಾರಿನ ಹಗ್ಗ ಬಳಸುತ್ತಿದ್ದರು. ಬೀಳುವವನ ಭಾರಕ್ಕೆ ಅದು ಹರಿಯುವುದಿತ್ತು. ಈಗಿನದು ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಉಳ್ಳದ್ದು. ಬಿದ್ದಾಗ ಅದು ಹದವಾಗಿ ಹಿಗ್ಗಿ ಪೆಟ್ಟನ್ನು ತಾನು ನುಂಗುತ್ತದೆ. 1932ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಪರೀಕ್ಷೆಯಲ್ಲಿ ಒಂಟಿ ಹಗ್ಗಕ್ಕೆ 80 ಕಿಲೋ ತೂಕ ಕಟ್ಟಿ ಬೀಳಿಸುತ್ತಾರೆ. ಮೊದಲ ಬೀಳುವಿಕೆಯಲ್ಲಿ ಅದರ ಜಗ್ಗು 12 ಕಿಲೋನ್ಯೂಟನ್, ಎಂದರೆ ಸುಮಾರು 1200 ಕಿಲೋ ಭಾರದ ಎಳೆತವನ್ನು ಮೀರಬಾರದು. ಹಿಗ್ಗದ ಹಗ್ಗದಲ್ಲಿ ಜೋರಾಗಿ ಬಿದ್ದರೆ, ಹಗ್ಗ ಹರಿಯದಿದ್ದರೂ ಬಿದ್ದವನ ಬೆನ್ನು ಮುರಿದೀತು.

ಇನ್ನು ಸಂಘ ಕಟ್ಟುವ ಬಗೆ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಏಳು ಜನ ನಮಗೆ ಒಂದೇ ದಿನದಲ್ಲಿ ಸಿಕ್ಕರು. ಗುರು ಸಿಗುವುದಕ್ಕೆ ಎರಡು ವರ್ಷ ಹಿಡಿಯಿತು. ಗರಡಿಗೆ ಉಸ್ತಾದ ಇರುವಂತೆ ಇದಕ್ಕೂ ಒಬ್ಬ ಬೇಕೇ ಬೇಕು. ಪುಸ್ತಕ ಓದಿ ಗಂಟು ಹಾಕಲು ಬಾರದು. ಎವರೆಸ್ಟ್ ಆರೋಹಣದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯೂ, 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆಯೂ ಹುಟ್ಟಿದವು. ನಮ್ಮ ರಾಜ್ಯದಲ್ಲಿಯೂ ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ನೀಡುತ್ತದೆ. ನಮ್ಮಲ್ಲಿ ಇಬ್ಬರು ಮೊದಲು ಹೋಗಿ ಕಲಿತು ಬರಲಿ, ಅಲ್ಲಿಯವರೆಗೆ ಯಾರೂ ಕಲ್ಲಿನ ಮೇಲೆ ಕಾಲಿಡಬಾರದು ಎಂದು ಗೊತ್ತುಮಾಡಿದೆವು. ಆ ಎರಡು ವರ್ಷ ನಾವು ಬೇವಿನ ಮರದ ಕೆಳಗೆ ಕುಳಿತು ಗಂಟು ಹಾಕಿ ಬಿಚ್ಚುವುದನ್ನಷ್ಟೇ ಕಲಿತೆವು. ಬೇಸತ್ತು ಕೆಲವರು ಬಿಟ್ಟುಹೋದರು. ಉಳಿದವರನ್ನು ನಂಬಬಹುದೆಂಬುದು ಅದರಿಂದಲೇ ತಿಳಿಯಿತು.

ಹತ್ತುವ ಜಾಗದ ವಿಚಾರದಲ್ಲಿಯೂ ಕಟ್ಟುಪಾಡು ಬೇಕು. ಹೊಲದೊಡೆಯನ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಬೇಕು. ಬಾದಾಮಿಗೆ ಹೋದಾಗ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯೇ ಮೊದಲಾದ ಸಂರಕ್ಷಿತ ಸ್ಮಾರಕಗಳ ಕಲ್ಲನ್ನು ಮುಟ್ಟಬಾರದು. ಮಳೆಗಾಲದಲ್ಲಿ ಹಗ್ಗ ಪೆಟ್ಟಿಗೆಯಲ್ಲಿಯೇ ಇರಬೇಕು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಸುಳಿಯಬಾರದು. ಜಲಪಾತದ ಅಂಚಂತೂ ನಮ್ಮ ಪಟ್ಟಿಯಲ್ಲಿಯೇ ಇಲ್ಲ.

ಈಗ ಈ ಆಟ ಒಲಿಂಪಿಕ್ಸಿಗೂ ಸೇರಿದೆ. 2021ರಲ್ಲಿ ಟೋಕಿಯೋದಲ್ಲಿ ನಡೆದ ಕ್ರೀಡಾಕೂಟದಿಂದ ಅದಕ್ಕೆ ಪದಕವುಂಟು. ಹದಿನೈದು ಮೀಟರಿನ ಗೋಡೆಯನ್ನು 5 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಏರುವವರಿದ್ದಾರೆ. ನಮ್ಮ ಮಕ್ಕಳಲ್ಲಿ ಯಾರಾದರೂ ಅಲ್ಲಿಗೆ ಮುಟ್ಟಿದರೆ ಸಂತೋಷವೇ. ಆದರೆ ನಮ್ಮ ಸಂಘದಲ್ಲಿ ಹೊಸಬರಿಗೆ ಮೊದಲು ಕೇಳುವ ಪ್ರಶ್ನೆ ಎಷ್ಟು ಎತ್ತರ ಏರಬಲ್ಲೆ ಎಂಬುದಲ್ಲ. ಇನ್ನೊಬ್ಬನು ಏರುವಾಗ ಎಷ್ಟು ಹೊತ್ತು ಸುಮ್ಮನೆ ನಿಲ್ಲಬಲ್ಲೆ ಎಂಬುದು.

ಖಣಿಯಲ್ಲಿ ಬಿದ್ದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಕುಂಟುತ್ತ ನಡೆಯುತ್ತಾನೆ, ಹೊಲಿಗೆಯ ಅಂಗಡಿ ಇಟ್ಟಿದ್ದಾನೆ. ಸಂಘದ ಹಗ್ಗಗಳ ಉಸ್ತುವಾರಿ ಅವನದೇ. ಯಾವ ಹಗ್ಗ ಎಂದು ಕೊಂಡದ್ದು, ಎಷ್ಟು ಸಲ ಬಳಸಿದ್ದು, ಎಷ್ಟು ಪೆಟ್ಟು ತಿಂದದ್ದು ಎಲ್ಲವನ್ನೂ ವಹಿಯಲ್ಲಿ ಬರೆಯುತ್ತಾನೆ. ಹೊರಡುವ ಮುನ್ನಾದಿನ ಕಣ್ಣು ಮುಚ್ಚಿ ಹಗ್ಗವನ್ನು ಗೇಣುಗೇಣಾಗಿ ಬೆರಳುಗಳ ನಡುವೆ ಹಾಯಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಬಾದಾಮಿಗೆ ಹೊರಟಿದ್ದಾಗ ಒಂದು ಹಗ್ಗದ ನಡುವೆ ಮೆತ್ತನೆಯ ಜಾಗವೊಂದು ಅವನ ಬೆರಳಿಗೆ ತಾಕಿತು. ಕಣ್ಣಿಗೆ ಏನೂ ಕಾಣದು. ಬೇರೆ ಹಗ್ಗವಿರಲಿಲ್ಲವಾದ್ದರಿಂದ ಪ್ರಯಾಣವೇ ನಿಂತಿತು. ಹುಡುಗರು ಮುಖ ಸಣ್ಣದು ಮಾಡಿಕೊಂಡರು. ಅವನು ಯಾರೊಡನೆಯೂ ವಾದಿಸದೆ ತನ್ನ ಹೊಲಿಗೆಯ ಕತ್ತರಿಯನ್ನು ತಂದು ಆ ಹಗ್ಗವನ್ನು ಮತ್ತೆ ಯಾರೂ ಹತ್ತಲು ಬಳಸದಂತೆ ಮಾರು ಮಾರುದ್ದಕ್ಕೆ ಕತ್ತರಿಸಿಬಿಟ್ಟ. ಆ ತುಂಡುಗಳು ಇಂದು ನಮ್ಮೂರಿನ ಕೆಲವು ಮನೆಗಳಲ್ಲಿ ಕರು ಕಟ್ಟುವ ಕಣ್ಣಿಗಳಾಗಿವೆ.