ಗಾಜಿನೊಳಗಣ ಬೆಳಕಿನ ಅಂಕಿಗಳು

ಹಿರೇನಲ್ಲೂರಿನ ಮನೆಗಳಲ್ಲಿ ವಿದ್ಯುತ್ ಕೆಲಸದವನು ಟೆಸ್ಟರನ್ನು ತಂತಿಗೆ ಮುಟ್ಟಿಸಿದೊಡನೆ ಅದರೊಳಗೆ ಕಿತ್ತಿಳೆ ಬಣ್ಣದ ಕಿರುಬೆಳಕು ಹೊಳೆಯುವುದನ್ನು ವಾಚಕರೆಲ್ಲರೂ ಬಲ್ಲರಷ್ಟೆ. ಅದು 1898ರಲ್ಲಿ ರಾಮ್ಸೇ ಮತ್ತು ಟ್ರಾವರ್ಸ್ ಎಂಬ ವಿದ್ವಾಂಸರು ಕಂಡುಹಿಡಿದ ನಿಯಾನ್ ಅನಿಲದ ಬೆಳಕು.

1955ರಲ್ಲಿ ಅಮೆರಿಕದ ಬರೋಸ್ ಸಂಸ್ಥೆಯವರು ಇದೇ ತತ್ತ್ವದಿಂದ ಅಂಕಿಗಳನ್ನು ತೋರಿಸುವ ನಿಕ್ಸಿ ಎಂಬ ಕೊಳವೆಯನ್ನು ಹೊರತಂದರು. ಅದರಲ್ಲಿ ಸೊನ್ನೆ ಮೊದಲ್ಗೊಂಡು ಒಂಬತ್ತರವರೆಗಿನ ಲೋಹದ ಅಂಕಿಗಳು ಒಂದರ ಹಿಂದೊಂದಿರುವುವು. ಯಾವ ಅಂಕಿಗೂ ಲೋಹದ ಜಾಲರಿಗೂ ನಡುವೆ ಸುಮಾರು 170 ವೋಲ್ಟ್ ಒತ್ತಡವನ್ನು ಕೊಡುವೆವೋ ಆ ಅಂಕಿಯ ಸುತ್ತಣ ಅನಿಲವು ಮಾತ್ರ ಬೆಳಗುವುದು. ಮುಂದೆ ಅಗ್ಗದ ಸಾಧನಗಳು ಬಂದು ಇದರ ತಯಾರಿಕೆಯು ನಿಂತಿತು. ಆದರೆ ಜೆಕ್ ದೇಶದ ಡಾಲಿಬೋರ್ ಫಾರ್ನಿ ಎಂಬವರು 2010ರ ದಶಕದಲ್ಲಿ ಹವ್ಯಾಸವಾಗಿ ಆರಂಭಿಸಿ, ಕೈಯಿಂದಲೇ ಕೊಳವೆಗಳನ್ನು ಮಾಡಿ, ಆ ವಿದ್ಯೆಗೆ ಮರುಜೀವ ಕೊಟ್ಟರು.

ಈ ಕೆಲಸದಲ್ಲಿ ಕಣ್ಣಿಗೆ ಕಾಣದ ಕಲ್ಮಷವೇ ದೊಡ್ಡ ಶತ್ರು. ಗಾಜಿಗೂ ಲೋಹಕ್ಕೂ ಅಂಟಿದ ತೇವವನ್ನೂ ಗಾಳಿಯನ್ನೂ ಕಾಯಿಸಿ ಹೊರಗೆಳೆದ ಬಳಿಕವೇ ನಿಯಾನನ್ನು ತುಂಬತಕ್ಕದ್ದು. ಬೆಸೆದ ಗಾಜನ್ನು ಕುಲುಮೆಯಲ್ಲಿ ಮೆಲ್ಲಮೆಲ್ಲನೆ ತಣಿಸತಕ್ಕದ್ದು. ಅವಸರಪಟ್ಟರೆ ಗಾಜು ಬಿರಿಯುವುದು. ಗಾಳಿಯುಳಿದರೆ ಬೆಳಕು ಕೆಡುವುದು. ಇಷ್ಟು ವಿದ್ಯುತ್ತು ಪ್ರಾಣಕ್ಕೆ ಅಪಾಯಕರವಾದುದರಿಂದ ಬಲ್ಲವರ ಸಮ್ಮುಖದಲ್ಲಿಯೇ ಇದನ್ನು ಕಲಿಯಬೇಕು.

ಒಳಗಣ ಶುದ್ಧಿಯೂ ತಾಳ್ಮೆಯೂ ಇಲ್ಲದೆ ಬೆಳಕು ನಿಲ್ಲದೆಂಬ ಪಾಠವನ್ನು ನಮ್ಮ ಹೆಣ್ಣುಮಕ್ಕಳು ಈ ಪುಟ್ಟ ಗಾಜಿನಿಂದಲೂ ಕಲಿಯಬಹುದು.